ಹೊಗೆಯನ್ನು ಹೊಗಳುತ್ತಿದ್ದ ಊರಲ್ಲಿ ಅವ್ವನ ಜೊತೆ

ಜಪಾನಿಗೆ ಹೋಗಿ ಬಂದೆ ಅಂದರೆ ಜನ ಮೊದಲು ಕೇಳುವುದು ಟೋಕಿಯೊ ಹೇಗಿದೆ, ಬುಲೆಟ್ ಟ್ರೈನ್ ಹತ್ತಿದಿರಾ, ಹೂವಿನ ಮರದ ಫೋಟೊ ಎಲ್ಲಿ ಅಂತ. ನಾವು ಹೋಗಿದ್ದು ಕಿತಾಕ್ಯೂಶುಗೆ. ಹೆಸರು ಕೇಳಿದವರೇ ಕಮ್ಮಿ. ಜಪಾನಿನ ದಕ್ಷಿಣಕ್ಕಿರುವ ಕ್ಯೂಶು ದ್ವೀಪದ ಉತ್ತರದ ತುದಿಯಲ್ಲಿರುವ ಉಕ್ಕಿನ ಊರು ಅದು. ಮಾಮನಿಗೆ, ಅಂದರೆ ಅಕ್ಕನ ಗಂಡನಿಗೆ, ಅಲ್ಲಿ ಕೆಲಸ, ಅಕ್ಕನ ಕೂಸು ಇನ್ನೂ ಸಣ್ಣದು, ಅವ್ವನನ್ನು ಕರೆದುಕೊಂಡು ಬಾ ಅಂತ ಫೋನ್ ಮೇಲೆ ಫೋನ್. ಅವ್ವ ಅಲ್ಲಿಯವರೆಗೆ ನೋಡಿದ ದೂರದ ಊರು ಅಂದರೆ ಪಂಢರಪುರ. ಪಾಸ್‌ಪೋರ್ಟ್ ಮಾಡಿಸಲು ಅವಳನ್ನು ಒಪ್ಪಿಸಿದ್ದೇ ಒಂದು ದೊಡ್ಡ ಕಥೆ, ಅದು ಇನ್ನೊಮ್ಮೆ.

ಅಲ್ಲಿನ ಸ್ವಚ್ಛತೆ ನೋಡಿ ಬೆರಗಾದೆ ಅಂತ ಬರೆಯುವ ಆಸೆ ನನಗಿಲ್ಲ. ಅಂಥ ಬರಹ ಬೇಕಾದಷ್ಟಿವೆ. ಎಲ್ಲದರ ಕೊನೆಗೂ "ನಮ್ಮ ಜನ ಯಾವಾಗ ಕಲಿಯುತ್ತಾರೋ" ಅನ್ನುವ ಒಂದು ನಿಟ್ಟುಸಿರು ಇರುತ್ತದೆ. ಆ ನಿಟ್ಟುಸಿರು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಹುಟ್ಟುತ್ತಲೇ ಶಿಸ್ತಿನವರು, ನಾವು ಹುಟ್ಟುತ್ತಲೇ ಗಲೀಜು ಅನ್ನೋ ಲೆಕ್ಕ ಅದು. ಕಿತಾಕ್ಯೂಶುವಿನ ವಿಷಯದಲ್ಲಂತೂ ಆ ಲೆಕ್ಕ ಪೂರ್ತಿ ಸುಳ್ಳು. ಅರವತ್ತು ವರ್ಷದ ಹಿಂದೆ ಆ ಊರು ಕೊಪ್ಪಳ ಪಕ್ಕದ ನಮ್ಮ ಗಿಣಿಗೇರಾಕ್ಕಿಂತ ಎಷ್ಟೋ ಕೆಟ್ಟದಾಗಿತ್ತು. ಅದು ಸರಿಹೋಗಿದ್ದು ಶಿಸ್ತಿನಿಂದಲ್ಲ, ಜಗಳದಿಂದ. ಜಗಳ ತೆಗೆದವರು ಬಟ್ಟೆ ಒಗೆಯುವ ಹೆಂಗಸರು.

ಮೊದಲು ನಮ್ಮ ಕಡೆಯ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ಕೊಪ್ಪಳದಿಂದ ಹೊಸಪೇಟೆ ರಸ್ತೆಯಲ್ಲಿ ಬರುವಾಗ ಸಾಲಾಗಿ ಚಿಮಣಿ ಕಾಣುತ್ತವಲ್ಲ, ನಮ್ಮ ಮನೆ ಆ ಕಡೆಗೇ. ಸ್ಪಾಂಜ್ ಐರನ್, ಉಕ್ಕು, ಇನ್ನೂ ಏನೇನೋ. ರಾತ್ರಿ ಹೊತ್ತು ಹೊಗೆ ಜಾಸ್ತಿ ಬಿಡುತ್ತಾರೆ ಅಂತ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬೆಳಗ್ಗೆ ಎದ್ದು ಮಾಳಿಗೆ ಹತ್ತಿದರೆ ಅಂಗಾಲು ಕಪ್ಪು. ಕರಿಬೂದಿ ಅನ್ನುತ್ತೇವೆ. ಬೇಸಿಗೆಯಲ್ಲಿ ಶಾವಿಗೆ, ಹಪ್ಪಳ, ಸಂಡಿಗೆ ಒಣಹಾಕುವಾಗ ಅವ್ವ ಮೇಲೊಂದು ಹಳೇ ಸೀರೆ ಹಂದರದ ಹಾಗೆ ಕಟ್ಟುತ್ತಾಳೆ, ಆದರೂ ಸಂಡಿಗೆ ಕರಿದಾಗ ಹಲ್ಲಿಗೆ ಏನೋ ಕರಕರ ಸಿಗುತ್ತದೆ. ಬಿಡಿಸಿದ ಹತ್ತಿ ಬೂದು ಬಣ್ಣಕ್ಕೆ ತಿರುಗಿದ್ದರೆ ದಲ್ಲಾಳಿ ರೇಟು ಇಳಿಸುತ್ತಾನೆ. ಜೋಳದ ಕಣಿಕೆಯನ್ನು ಎಮ್ಮೆ ಮೂಸಿ ನೋಡಿ ಮುಖ ತಿರುಗಿಸುತ್ತದೆ.

ಇದರ ಜೊತೆಗೆ ಇನ್ನೊಂದನ್ನೂ ಹೇಳಬೇಕು. ನಮ್ಮ ಅಪ್ಪ ಅಂಥದೇ ಒಂದು ಕಾರ್ಖಾನೆಯ ಕಾಟಾದಲ್ಲಿ ಲಾರಿಗಳ ತೂಕ ಬರೆಯುವ ಕೆಲಸ ಮಾಡಿ ನಮ್ಮಿಬ್ಬರನ್ನು ಓದಿಸಿದ. ಆ ಸಂಬಳ ಇರದಿದ್ದರೆ ಅಕ್ಕ ಎಂಜಿನಿಯರಿಂಗ್ ಮೆಟ್ಟಿಲು ಹತ್ತುತ್ತಿರಲಿಲ್ಲ, ಮಾಮನ ಸಂಬಂಧ ಬರುತ್ತಿರಲಿಲ್ಲ, ನಾವು ಜಪಾನ್ ನೋಡುತ್ತಲೂ ಇರಲಿಲ್ಲ. ಬೂದಿಯೂ ಅಲ್ಲಿಂದಲೇ, ಅನ್ನವೂ ಅಲ್ಲಿಂದಲೇ. ನಮ್ಮ ಕಡೆ ಸುಮಾರು ಮನೆಗಳ ಕಥೆ ಇದೇ.

ಅಕ್ಕನ ಮನೆ ತೊಬಾತಾ ಅನ್ನುವ ಭಾಗದಲ್ಲಿದೆ. ಬಾಲ್ಕನಿಯಲ್ಲಿ ನಿಂತರೆ ಕೆಂಪು ಬಣ್ಣದ ವಕಾತೊ ತೂಗುಸೇತುವೆ, ಬಂದರಿನ ಕ್ರೇನುಗಳು, ಒಂದು ಪಕ್ಕಕ್ಕೆ ಉಕ್ಕಿನ ಕಾರ್ಖಾನೆಯ ಚಿಮಣಿಗಳು ಕಾಣುತ್ತವೆ. ಅವ್ವ ಹೋದ ಮಾರನೇ ದಿನ ಬೆಳಗ್ಗೆ ಬಾಲ್ಕನಿಯ ಕಂಬಿ ಮೇಲೆ ಬೆರಳಾಡಿಸಿ ನೋಡಿದಳು. ಯಾರ ಮನೆಗೆ ಹೋದರೂ ಅವಳಿಗೆ ಈ ಚಾಳಿ. ಬೆರಳಿಗೆ ಒಂಚೂರು ಮಣ್ಣು ಬಂತು. ಕಪ್ಪಿಲ್ಲ.

"ಕಂಪನಿ ಬಂದ್ ಐತೇನು?" ಅಂದಳು.

"ಇಲ್ಲ ಬೇ, ದಿನಾ ನಡೀತೈತಿ," ಅಂದಳು ಅಕ್ಕ.

ಅವ್ವ ನಂಬಲಿಲ್ಲ. ಎದುರಿನ ಕಟ್ಟಡದಲ್ಲಿ ಬಾಲ್ಕನಿಗೊಂದರಂತೆ ಹಾಸಿಗೆಗಳನ್ನು ನೇತುಹಾಕಿದ್ದರು. ಅಲ್ಲಿ ನೆಲದ ಮೇಲೆ ಹಾಸಿ ಮಲಗುವ ಹಾಸಿಗೆ, ಬಿಸಿಲು ಬಂದ ದಿನ ಹೊರಗೆ ಹಾಕಿ, ಆಮೇಲೆ ಕೋಲಿನಿಂದ ಬಡಿದು ಒಳಗೆ ಒಯ್ಯುತ್ತಾರೆ. ಬಟ್ಟೆಯೂ ಅಷ್ಟೇ, ಬಾಲ್ಕನಿಯ ಗಳಕ್ಕೆ ಹಾಕಿ ಬಿಸಿಲಿಗೇ ಒಣಗಿಸುವುದು. "ಚಿಮಣಿ ಎದುರಿಗೆ ಬಿಳೀ ಹಾಸಿಗಿ ಹಾಕ್ಯಾರಲ್ಲ, ಇವರಿಗೆ ಎಷ್ಟು ಧೈರ್ಯ ಇರಬೇಕು," ಅಂದಳು. ಅಲ್ಲಿಂದ ಮುಂದೆ ಅವಳದು ಒಂದೇ ಪ್ರಶ್ನೆ. ಚಿಮಣಿ ಇಲ್ಲೇ ಐತಿ, ಬೂದಿ ಎಲ್ಲಿ ಹೋತು?

ಮಾಮನಿಗೆ ಉತ್ತರ ಗೊತ್ತಿರಲಿಲ್ಲ. ರಜೆ ದಿನ ನಮ್ಮನ್ನು ಯಹತಾದಲ್ಲಿರುವ ಪರಿಸರ ಮ್ಯೂಸಿಯಂಗೆ ಕರೆದೊಯ್ದ. 2002ರಲ್ಲಿ ಶುರುವಾದ ಮ್ಯೂಸಿಯಂ ಅದು. ಹತ್ತಿರದಲ್ಲೇ ಅದಿರು ಕರಗಿಸುವ ಹಳೆಯ ಊದುಕುಲುಮೆ ಒಂದನ್ನು ಹಾಗೇ ಉಳಿಸಿಕೊಂಡಿದ್ದಾರೆ, ತಲೆಯ ಮೇಲೆ 1901 ಅಂತ ದೊಡ್ಡದಾಗಿ ಬರೆದಿದೆ. ಯಹತಾದ ಸರ್ಕಾರಿ ಉಕ್ಕಿನ ಕಾರ್ಖಾನೆ ಕೆಲಸ ಶುರು ಮಾಡಿದ ವರ್ಷ ಅದು. ಆಗ ಕಿತಾಕ್ಯೂಶು ಅಂತ ಊರೇ ಇರಲಿಲ್ಲ. ಮೋಜಿ, ಕೊಕುರಾ, ತೊಬಾತಾ, ಯಹತಾ, ವಕಾಮತ್ಸು ಅಂತ ಐದು ಊರು ಬೇರೆ ಬೇರೆ ಇದ್ದವು. 1963ರಲ್ಲಿ ಐದನ್ನೂ ಸೇರಿಸಿ ಒಂದು ನಗರ ಮಾಡಿದರು.

ಆ ಕಾಲದಲ್ಲಿ ಅಲ್ಲಿನ ಜನ ಹೊಗೆಗೆ ಹೆಮ್ಮೆ ಪಡುತ್ತಿದ್ದರು. ಸುಮ್ನೆ ಹೇಳುತ್ತಿಲ್ಲ. ಚಿಮಣಿಗಳಿಂದ ಬೇರೆ ಬೇರೆ ಬಣ್ಣದ ಹೊಗೆ ಏಳುತ್ತಿತ್ತಂತೆ, ಅದಕ್ಕೆ "ಏಳು ಬಣ್ಣದ ಹೊಗೆ" ಅಂತ ಮುದ್ದಿನಿಂದ ಕರೆಯುತ್ತಿದ್ದರು. ಯಹತಾ ಊರಿನ ಹಾಡಿನಲ್ಲೂ ಆಕಾಶ ತುಂಬಿದ ಹೊಗೆಯ ಹೊಗಳಿಕೆ ಇತ್ತು. ಹೊಗೆ ಬಂದರೆ ಕೆಲಸ ಇದೆ, ಕೆಲಸ ಇದ್ದರೆ ಊರು ಬೆಳೆಯುತ್ತದೆ. ಇದನ್ನು ಓದಿ ಹೇಳಿದಾಗ ಅವ್ವ, "ನಿಮ್ಮಪ್ಪನೂ ಹಿಂಗ ಅಂತಿದ್ದ" ಅಂದಳು. ನಿಜ. ನಮ್ಮ ಕಡೆ ಮೊದಲ ಕಾರ್ಖಾನೆಗಳು ಬಂದಾಗ ಚಿಮಣಿ ತೋರಿಸಿ ಮಕ್ಕಳಿಗೆ ಹೇಳುತ್ತಿದ್ದರು, ನೋಡು, ನಿನಗೆ ಅಲ್ಲೇ ನೌಕರಿ ಅಂತ.

ಇನ್ನೊಂದು ವಿಷಯ ನೆನಪಾಯಿತು. 1945ರ ಆಗಸ್ಟ್ 9ರಂದು ಅಮೆರಿಕದ ವಿಮಾನ ಎರಡನೇ ಅಣುಬಾಂಬ್ ಹೊತ್ತು ಬಂದಿದ್ದು ಮೊದಲು ಇದೇ ಊರಿನ ಕೊಕುರಾ ಮೇಲೆ. ಮೋಡವೋ ಹೊಗೆಯೋ ಮುಚ್ಚಿಕೊಂಡು ಕೆಳಗೆ ಏನೂ ಕಾಣಲಿಲ್ಲ ಅಂತ ಅದು ನಾಗಸಾಕಿಗೆ ಹೋಯಿತು. ಹೊಗೆ ಒಮ್ಮೆ ಊರನ್ನು ಉಳಿಸಿದೆ ಅಂತಲೂ ಹೇಳಬಹುದು. ನಾಗಸಾಕಿಯವರನ್ನು ನೆನೆದರೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ನಮ್ಮ ಮಣ್ಣಿಗೂ ಆ ದೇಶಕ್ಕೂ ಹಳೇ ನಂಟಿದೆ. ಬಳ್ಳಾರಿ ಹೊಸಪೇಟೆ ಕಡೆಯ ಅದಿರು ರೈಲಿನಲ್ಲಿ ಚೆನ್ನೈ ಬಂದರಿಗೆ ಹೋಗಿ, ಹಡಗು ಹತ್ತಿ ಜಪಾನಿಗೆ ಹೋಗುತ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತಲ್ಲ, ಅದಕ್ಕೆ ಮುಂಚಿನ ಸಂಡೂರು ರಸ್ತೆ ನೋಡಿದವರಿಗೆ ಗೊತ್ತು, ಗಿಡದ ಎಲೆ ಯಾವ ಬಣ್ಣ ಅಂತಲೇ ತಿಳಿಯುತ್ತಿರಲಿಲ್ಲ. ಕೆಂಪು ಧೂಳು ನಮಗೆ ಬಿಟ್ಟು ಕಬ್ಬಿಣ ಹೊರಗೆ ಹೋಗುತ್ತಿತ್ತು. ಅದನ್ನು ಕರಗಿಸಿದ ಊರಿನವರಿಗೆ ಕರಿ ಧೂಳು.

ಈಗ ಬೂದಿಯ ಲೆಕ್ಕಕ್ಕೆ ಬರೋಣ. ಯಹತಾದ ಶಿರೊಯಾಮಾ ಅನ್ನುವ ಬಡಾವಣೆಯಲ್ಲಿ 1965ರಲ್ಲಿ ಒಂದು ಚದರ ಕಿಲೋಮೀಟರಿಗೆ ತಿಂಗಳಿಗೆ ಸರಾಸರಿ 80 ಟನ್ ಧೂಳು ಬೀಳುತ್ತಿತ್ತು. ಒಂದು ತಿಂಗಳಂತೂ 108 ಟನ್, ಇಡೀ ಜಪಾನಿಗೇ ದಾಖಲೆ. ಚದರ ಕಿಲೋಮೀಟರ್ ಅಂದರೆ ನಮಗೆ ಅಂದಾಜು ಸಿಗುವುದಿಲ್ಲ ಅಂತ ಅಲ್ಲೇ ಮೊಬೈಲಿನಲ್ಲಿ ಗುಣಿಸಿದೆ. 20 ಅಡಿಗೆ 30 ಅಡಿ ಮಾಳಿಗೆ ಇದ್ದರೆ ತಿಂಗಳಿಗೆ ಸುಮಾರು ನಾಲ್ಕೂವರೆ ಕೆಜಿ. ಅವ್ವನಿಗೆ ಹೇಳಿದೆ. "ನಾಕೂವರಿ ಕೇಜಿ! ನಮ್ದು ಅಷ್ಟಿಲ್ಲ ಬಿಡು," ಅಂದಳು, ಸ್ವಲ್ಪ ಸಮಾಧಾನದಿಂದ. ಆ ಬಡಾವಣೆಯಲ್ಲೊಂದು ಪ್ರಾಥಮಿಕ ಶಾಲೆ ಇತ್ತು. 1970ರ ದಶಕದ ಕೊನೆಯ ಹೊತ್ತಿಗೆ ಅದನ್ನು ಮುಚ್ಚಿಯೇ ಬಿಟ್ಟರು.

ಪಕ್ಕದ ದೊಕಾಯ್ ಕೊಲ್ಲಿಯ ಕಥೆ ಇನ್ನೂ ಘೋರ. ಕಾರ್ಖಾನೆಗಳ ಕೊಳೆ ನೀರೆಲ್ಲ ಅದಕ್ಕೇ. 1966ರಲ್ಲಿ ಪರೀಕ್ಷೆ ಮಾಡಿದಾಗ ನೀರಿನಲ್ಲಿ ಕರಗಿದ ಆಮ್ಲಜನಕ ಸೊನ್ನೆ ಬಂತು. ಮೀನು ಹೋಗಲಿ, ರೋಗಾಣು ಕೂಡ ಬದುಕುವುದಿಲ್ಲ ಅನ್ನುತ್ತಿದ್ದರು. ಹಡಗಿನ ಪ್ರೊಪೆಲರ್ ಸವೆದು ಹೋಗುತ್ತಿತ್ತಂತೆ.

ಹೆಂಗಸರ ಕಥೆ ಶುರುವಾಗುವುದು ತೊಬಾತಾದಲ್ಲೇ, ಅಂದರೆ ಅಕ್ಕನ ಮನೆ ಇರುವ ಕಡೆಯೇ. 1950ರ ಸುಮಾರಿಗೆ ನಾಕಾಬಾರು ಅನ್ನುವ ಬಡಾವಣೆಯ ಮಹಿಳಾ ಸಂಘದವರು ಒಗೆದು ಹಾಕಿದ ಬಟ್ಟೆ ಯಾಕೆ ಕಪ್ಪಾಗುತ್ತದೆ ಅಂತ ತಲೆ ಕೆಡಿಸಿಕೊಂಡರು. ಹತ್ತಿರದಲ್ಲಿ ಕಲ್ಲಿದ್ದಲು ಸುಡುವ ಒಂದು ವಿದ್ಯುತ್ ಸ್ಥಾವರ ಇತ್ತು. ಸುಮ್ನೆ ಬೈದುಕೊಂಡು ಕೂರಲಿಲ್ಲ. ಬಟ್ಟೆ ನೇತುಹಾಕಿ ಎಷ್ಟು ಕಪ್ಪಾಯಿತು ಅಂತ ನೋಡಿ, ಹೋಲಿಸಿ, ಅದನ್ನೇ ಹಿಡಿದುಕೊಂಡು ನಗರಸಭೆಗೂ ಕಂಪನಿಗೂ ಹೋದರು. ಕೊನೆಗೆ ಸ್ಥಾವರದಲ್ಲಿ ಧೂಳು ಹಿಡಿಯುವ ಯಂತ್ರ ಕೂತಿತು. ಜಪಾನಿನಲ್ಲಿ ಮಾಲಿನ್ಯದ ಬಗ್ಗೆ ಗಟ್ಟಿ ಕಾನೂನುಗಳು ಬಂದಿದ್ದು 1970ರಲ್ಲಿ, ಒಂದೇ ಅಧಿವೇಶನದಲ್ಲಿ 14 ಕಾನೂನು. ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ಈ ಹೆಂಗಸರು ಕೆಲಸ ಶುರು ಮಾಡಿಬಿಟ್ಟಿದ್ದರು.

ಅರವತ್ತರ ದಶಕದಲ್ಲಿ ತೊಬಾತಾದ ಬೇರೆ ಬಡಾವಣೆಗಳ ಸಂಘಗಳೂ ಸೇರಿಕೊಂಡವು. ಈ ಸಲ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರನ್ನು ಹುಡುಕಿ, ಕೂತು ಪಾಠ ಹೇಳಿಸಿಕೊಂಡರು. ಬಿದ್ದ ಧೂಳು ಅಳೆದರು. ಶಾಲೆಗಳಿಗೆ ಹೋಗಿ ಮಕ್ಕಳ ಹಾಜರಿ ಲೆಕ್ಕ ತೆಗೆದು, ಗಾಳಿ ಕೆಟ್ಟ ದಿನಗಳಿಗೂ ಮಕ್ಕಳು ಗೈರಾದ ದಿನಗಳಿಗೂ ತಾಳೆ ಹಾಕಿದರು. 1965ರಲ್ಲಿ ತಾವೇ 8 ಎಂಎಂ ಕ್ಯಾಮೆರಾದಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. "ನೀಲಿ ಆಕಾಶ ಬೇಕು" ಅಂತ ಅದರ ಹೆಸರು. ಮ್ಯೂಸಿಯಂನಲ್ಲಿ ಆ ಹೆಂಗಸರ ಫೋಟೊಗಳಿವೆ. ಅಡುಗೆ ಏಪ್ರನ್ ಹಾಕಿಕೊಂಡ, ನಮ್ಮ ಅವ್ವನ ವಯಸ್ಸಿನ, ಯಾವ ಕೋನದಿಂದ ನೋಡಿದರೂ ಹೋರಾಟಗಾರರು ಅನ್ನಿಸದ ಹೆಂಗಸರು.

ಅವ್ವ ಆ ಫೋಟೊ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಅವಳು ಕೇಳಿದ್ದು ನಾನು ಕೇಳದ ಪ್ರಶ್ನೆ. "ಇವರ ಗಂಡಂದಿರು ಎಲ್ಲಿ ಕೆಲಸಕ್ಕಿದ್ರು?"

ಅದೇ ನೋಡಿ ವಿಷಯ. ಎಷ್ಟೋ ಜನರ ಗಂಡಂದಿರು ಅದೇ ಕಾರ್ಖಾನೆಗಳಲ್ಲಿದ್ದರು. ಬೆಳಗ್ಗೆ ಡಬ್ಬಿ ಕಟ್ಟಿ ಕಳಿಸುವುದು ಅಲ್ಲಿಗೇ, ಮಧ್ಯಾಹ್ನ ಸಂಘದ ಮನೆಯಲ್ಲಿ ಕೂತು ಬೂದಿ ಅಳೆಯುವುದೂ ಅದರದ್ದೇ. ಮನೆಯೊಳಗೆ ಎಂಥ ಮಾತು ಬಂದಿರಬಹುದು ಅಂತ ಊಹಿಸಲು ಜಪಾನೀಸ್ ಬರಬೇಕಿಲ್ಲ, ಅಲ್ವಾ? ಅದಕ್ಕೇ ಅವರು ಕಾರ್ಖಾನೆ ಮುಚ್ಚಿ ಅನ್ನಲಿಲ್ಲ. ಅವರು ಮುಂದಿಟ್ಟಿದ್ದು ಅಂಕಿ. ಇಷ್ಟು ಬೂದಿ ಬಿತ್ತು, ಇಷ್ಟು ಮಕ್ಕಳು ಶಾಲೆಗೆ ಬರಲಿಲ್ಲ, ಈಗ ನೀವು ಏನು ಮಾಡುತ್ತೀರಿ ಹೇಳಿ. ಘೋಷಣೆ ಕೂಗಿದರೆ ಪೊಲೀಸರನ್ನು ಕರೆಸಬಹುದು. ಅಂಕಿ ಮುಂದಿಟ್ಟರೆ ಉತ್ತರವನ್ನೇ ಕೊಡಬೇಕಾಗುತ್ತದೆ. ನನಗೆ ಆ ಊರಿನ ಪರಿಸರ ಸಂಸ್ಕೃತಿ ಅಂತ ಏನಾದರೂ ಕಂಡಿದ್ದರೆ ಅದು ಈ ಅಳೆಯುವ ಅಭ್ಯಾಸ. ಕಸದ ಡಬ್ಬಿ, ಸಾಲು ಮರ, ಸೈಕಲ್ ದಾರಿ ಎಲ್ಲಾ ಆಮೇಲೆ ಬಂದವು.

ನಗರಸಭೆಯೂ ದಾರಿಗೆ ಬಂತು. 1970ರಲ್ಲಿ ಮಾಲಿನ್ಯದ ಮೇಲೆ ಕಣ್ಣಿಡುವ ಕೇಂದ್ರ ತೆರೆದರು. ಕಾನೂನಿನ ಮಿತಿ ಎಲ್ಲರಿಗೂ ಒಂದೇ ಇರುತ್ತದೆ, ಇಲ್ಲಿ ಚಿಮಣಿ ಜಾಸ್ತಿ ಇರುವುದರಿಂದ ಅದು ಸಾಲದು ಅಂತ ನಗರವೇ ಕಂಪನಿಗಳ ಜೊತೆ ಬೇರೆ ಒಪ್ಪಂದ ಮಾಡಿಕೊಂಡಿತು. 1972ರಲ್ಲಿ ಒಂದೇ ಸಲಕ್ಕೆ 54 ಕಾರ್ಖಾನೆಗಳು ಸಹಿ ಹಾಕಿದವು. ಗಂಧಕ ಕಮ್ಮಿ ಇರುವ ಇಂಧನ, ಧೂಳು ಹಿಡಿಯುವ ಯಂತ್ರ, ಹೊಗೆಯಿಂದ ಗಂಧಕ ತೆಗೆಯುವ ವ್ಯವಸ್ಥೆ, ಎಲ್ಲಾ ಒಂದೊಂದಾಗಿ ಬಂದವು. ಕೊಲ್ಲಿಯ ತಳದಿಂದ ಪಾದರಸ ಸೇರಿದ ಕೆಸರನ್ನು ಬಾಚಿ ತೆಗೆದರು, ಸುಮಾರು ಮೂರೂವರೆ ಲಕ್ಷ ಘನ ಮೀಟರ್. ಅದರ ಖರ್ಚಿನ ದೊಡ್ಡ ಪಾಲು ಹೊತ್ತಿದ್ದು ಕಾರ್ಖಾನೆಗಳೇ. ಈಗ ಆ ಕೊಲ್ಲಿಯಲ್ಲಿ ನೂರಕ್ಕೂ ಜಾಸ್ತಿ ಬಗೆಯ ಮೀನು, ಸಿಗಡಿ, ಏಡಿ ಇವೆ. ತೊಬಾತಾದಿಂದ ವಕಾಮತ್ಸುಗೆ ಒಂದು ಪುಟ್ಟ ದೋಣಿ ಓಡಾಡುತ್ತದೆ, ಹತ್ತಿ ಕೂರುವಷ್ಟರಲ್ಲಿ ಆಚೆ ದಡ. ದಡದಲ್ಲಿ ಮುದುಕರು ಗಾಳ ಹಾಕಿ ಕೂತಿದ್ದರು. ಅವ್ವ ಅವರ ಬುಟ್ಟಿಯೊಳಗೆ ಇಣುಕಿ ನೋಡಿದಳು, ಅವರೂ ಖುಷಿಯಿಂದ ತೋರಿಸಿದರು. ನಾವು ಸಸ್ಯಾಹಾರಿಗಳು ಅಂತ ಆ ಹೊತ್ತಿನಲ್ಲಿ ಹೇಳುವ ಅಗತ್ಯ ಇರಲಿಲ್ಲ.

ದುಡ್ಡು ಎಷ್ಟಾಯಿತು ಅನ್ನುವುದನ್ನು ಮುಚ್ಚಿಟ್ಟಿಲ್ಲ. 1972ರಿಂದ 1991ರವರೆಗೆ ಸುಮಾರು 80 ಸಾವಿರ ಕೋಟಿ ಯೆನ್. ಅದರಲ್ಲಿ ಮೂರರಲ್ಲಿ ಎರಡು ಪಾಲು ಸರ್ಕಾರದ್ದು, ಉಳಿದದ್ದು ಕಂಪನಿಗಳದ್ದು. ಮೊದಲೇ ಯಂತ್ರ ಹಾಕಿದ್ದರೆ ಇಷ್ಟು ಆಗುತ್ತಿತ್ತಾ ಅನ್ನುವ ಪ್ರಶ್ನೆ ನಮ್ಮಂಥ ಊರಿನವರು ಕೇಳಲೇಬೇಕು. ನಾವಿನ್ನೂ ಅವರ ಅರವತ್ತರ ದಶಕದಲ್ಲಿದ್ದೇವೆ, ನಮ್ಮ ಖರ್ಚು ಇನ್ನೂ ಶುರುವೇ ಆಗಿಲ್ಲ.

ಕಸದ ವಿಷಯ ಬೇಗ ಮುಗಿಸುತ್ತೇನೆ, ಅದನ್ನು ಎಲ್ಲರೂ ಬರೆದಿದ್ದಾರೆ. ಮನೆ ಕಸಕ್ಕೆ ನಗರಸಭೆಯ ಚೀಲವನ್ನೇ ಕೊಳ್ಳಬೇಕು, ದೊಡ್ಡದಕ್ಕೆ 50 ಯೆನ್. ಜಾಸ್ತಿ ಕಸ ಮಾಡಿದವರಿಗೆ ಜಾಸ್ತಿ ಖರ್ಚು. ಡಬ್ಬಿ, ಗಾಜಿನ ಬಾಟಲಿ, ಪ್ಲಾಸ್ಟಿಕ್ ಬಾಟಲಿ ಎಲ್ಲಾ ಬೇರೆ. ಓಣಿಯ ಮೂಲೆಯಲ್ಲಿ ಚೀಲ ಇಟ್ಟು ಕಾಗೆ ಹರಿಯದಂತೆ ಮೇಲೆ ಬಲೆ ಹೊದಿಸುತ್ತಾರೆ. ಆ ಜಾಗ ಗುಡಿಸುವ ಪಾಳಿ ಓಣಿಯವರದ್ದೇ. ಅಕ್ಕ ಹೊಸದಾಗಿ ಬಂದಾಗ ಪಕ್ಕದ ಮನೆಯ ಅಜ್ಜಿ ಅವಳ ಚೀಲವನ್ನು ವಾಪಸ್ ಬಾಗಿಲಿಗೇ ತಂದಿಟ್ಟಿದ್ದರಂತೆ, ನಗುತ್ತಲೇ. ಶಿಸ್ತು ಅಂದರೆ ಇಷ್ಟೇ. ಪಕ್ಕದ ಮನೆಯ ಅಜ್ಜಿ ನೋಡುತ್ತಿರುತ್ತಾಳೆ. ನಮ್ಮ ಓಣಿಗಳಲ್ಲಿ ಅಂಥ ಅಜ್ಜಿಯರಿಗೇನು ಬರವೇ?

ವಕಾಮತ್ಸುವಿನ ಹಿಬಿಕಿ ಕಡಲ ತೀರದಲ್ಲಿ ಸಾಲು ಗಾಳಿಯಂತ್ರ ನಿಂತಿವೆ. "ಇವು ನಮ್ಮ ಕುಕನೂರು ಕಡೇವೇ," ಅಂತ ಅವ್ವ ಗುರುತು ಹಿಡಿದಳು. ಅದರ ಹತ್ತಿರವೇ ಇಕೋಟೌನ್ ಅಂತ ಒಂದು ಪ್ರದೇಶ ಇದೆ, 1997ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿದ್ದು. ಹಳೇ ಕಾರು, ಟೀವಿ, ಪ್ಲಾಸ್ಟಿಕ್ ಬಾಟಲಿ ಎಲ್ಲಾ ಬಿಚ್ಚಿ ಮತ್ತೆ ಬಳಸುವ ಕಾರ್ಖಾನೆಗಳು ಅಲ್ಲಿವೆ, ಜನ ಹೋಗಿ ನೋಡಬಹುದು. ಕಾರ್ಖಾನೆಯೊಳಗೆ ಊರಿನವರು ಹೋಗಿ ನೋಡುವುದು! ಅಪ್ಪ ಅಷ್ಟು ವರ್ಷ ದುಡಿದ ಕಡೆ ನಮ್ಮನ್ನು ಗೇಟಿನ ಒಳಗೂ ಬಿಟ್ಟಿರಲಿಲ್ಲ.

ಎಲ್ಲವೂ ಚೆನ್ನ ಅಂತಲ್ಲ. ಊರಿನ ಆಕಾಶ ನೀಲಿಯಾಗಲು ಬರೀ ಯಂತ್ರಗಳು ಕಾರಣ ಅಲ್ಲ, ಉಕ್ಕಿನ ಕೆಲಸವೇ ಅಲ್ಲಿ ಕಮ್ಮಿಯಾಗಿದೆ. 1979ರ ಹೊತ್ತಿಗೆ ಹತ್ತೂವರೆ ಲಕ್ಷ ದಾಟಿದ್ದ ಜನಸಂಖ್ಯೆ ಈಗ ಒಂಬತ್ತು ಲಕ್ಷದ ಹತ್ತಿರ ಇಳಿದಿದೆ, ಎಷ್ಟೋ ಅಂಗಡಿಗಳು ಬಾಗಿಲು ಹಾಕಿವೆ, ಬಸ್ಸಿನಲ್ಲಿ ಮುದುಕರೇ ಜಾಸ್ತಿ. ಕಲ್ಲಿದ್ದಲು ಸುಡುವುದೂ ಪೂರ್ತಿ ನಿಂತಿಲ್ಲ. ವಸಂತದಲ್ಲಿ ಚೀನಾ, ಮಂಗೋಲಿಯಾ ಕಡೆಯಿಂದ ಹಳದಿ ಧೂಳು ಹಾರಿ ಬರುತ್ತದೆ, ಅದನ್ನು ತಡೆಯಲು ಯಾರ ಒಪ್ಪಂದವೂ ಸಾಲದು. ಆದರೆ ಅದು ಬರುವ ಮುಂಚೆಯೇ ಅಕ್ಕನ ಮೊಬೈಲಿನಲ್ಲಿ ಸುದ್ದಿ ಬರುತ್ತದೆ, ಅವಳು ಬಟ್ಟೆ ಒಳಗೆ ಹಾಕುತ್ತಾಳೆ.

ಊರಿಗೆ ಬಂದ ಮೇಲೆ ಅವ್ವ ಸುಮ್ಮನಿರಲಿಲ್ಲ. ಅವಳದೊಂದು ಸ್ವಸಹಾಯ ಸಂಘ ಇದೆ, ವಾರಕ್ಕೊಮ್ಮೆ ಉಳಿತಾಯದ ದುಡ್ಡು ಕಟ್ಟಲು ಸೇರುತ್ತಾರೆ. ಜಪಾನಿನ ಸುದ್ದಿ ಕೇಳಲು ಬಂದವರಿಗೆ ಅವಳು ಹೇಳಿದ್ದು ಬಿಳೀ ಹಾಸಿಗೆಯ ಸುದ್ದಿ, ಏಪ್ರನ್ ಹಾಕಿದ ಹೆಂಗಸರ ಸುದ್ದಿ. ಒಬ್ಬಾಕೆ ತಕ್ಷಣ ಎದ್ದು ಕೇಳಿದಳು, "ನಮ್ಮ ಮನ್ಯಾಗಿನ ಗಂಡಸು ಅಲ್ಲೇ ದುಡಿತಾನ. ಕಂಪನಿ ಬಂದಾದ್ರ ಉಣ್ಣೋದೇನು, ಯಕ್ಕಾ?" ಅವ್ವ, "ಬಂದ್ ಮಾಡು ಅಂತ ಯಾರಂದ್ರು? ಅವರದು ನೂರಿಪ್ಪತ್ತು ವರ್ಷದಿಂದ ಇನ್ನೂ ನಡದೈತಿ," ಅಂದಳು. ಅಲ್ಲಿಂದ ಮಾತು ಜೋರಾಯಿತು. ರಾತ್ರಿ ಧೂಳು ಹಿಡಿಯುವ ಯಂತ್ರ ಆಫ್ ಮಾಡುತ್ತಾರೆ, ಕರೆಂಟ್ ಬಿಲ್ ಉಳಿಸಲು ಅಂತ ಒಬ್ಬಳು. ಅಧಿಕಾರಿಗಳು ಬರುವ ದಿನ ಹೊಗೆಯೇ ಇರುವುದಿಲ್ಲ ಅಂತ ಇನ್ನೊಬ್ಬಳು. ಎಲ್ಲರಿಗೂ ಎಲ್ಲಾ ಗೊತ್ತಿದೆ, ಬರೆದಿಟ್ಟವರು ಯಾರೂ ಇಲ್ಲ.

ನಮ್ಮವರು ಸುಮ್ಮನೆ ಕೂತಿದ್ದಾರೆ ಅಂತ ಯಾರೂ ಹೇಳಬೇಡಿ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಮುಂದೆ ನಿಂತಾಗ ಜನ ಹಿರೇಹಳ್ಳಕ್ಕೆ ಇಳಿದು ಜಾಲಿ ಕಿತ್ತು, ಹೂಳು ತೆಗೆದು ಸ್ವಚ್ಛ ಮಾಡಿದರು. 2025ರ ಫೆಬ್ರವರಿಯಲ್ಲಿ ಊರಿಗೆ ಹತ್ತಿಕೊಂಡೇ ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡ ಅಂತ ಇಡೀ ಕೊಪ್ಪಳ ಬಂದ್ ಆಯಿತು, ಸ್ವಾಮೀಜಿಯೇ ವೇದಿಕೆ ಹತ್ತಿ ಮಾತಾಡಿದರು. ಜನ ಬೀದಿಗೆ ಬರುವುದರಲ್ಲಿ ನಾವೇನೂ ಹಿಂದೆ ಇಲ್ಲ. ಬಂದ್ ಮುಗಿದ ಮಾರನೇ ದಿನ ಬೂದಿ ಎಷ್ಟು ಬಿತ್ತು ಅನ್ನುವ ಲೆಕ್ಕ ಊರಿನವರ ಕೈಯಲ್ಲಿಲ್ಲ, ನನ್ನ ತಕರಾರು ಅಷ್ಟೇ.

ಅಳೆಯುವುದು ಅಂಥ ಕಷ್ಟವೂ ಅಲ್ಲ. ಅಗಲ ಬಾಯಿಯ ಡಬ್ಬಿಯೊಂದರಲ್ಲಿ ಸ್ವಲ್ಪ ಶುದ್ಧ ನೀರು ಹಾಕಿ, ಪಾಚಿ ಕಟ್ಟದಂತೆ ಚಿಟಿಕೆ ಮೈಲುತುತ್ತ ಬೆರೆಸಿ, ಮರ ಗೋಡೆ ಅಡ್ಡ ಇಲ್ಲದ ಕಡೆ ಮಾಳಿಗೆ ಮೇಲೆ ಒಂದು ತಿಂಗಳು ಇಡಬೇಕು. ಕಾಗೆ ಕೂರದಂತೆ ಸುತ್ತ ತಂತಿ ಕಟ್ಟಿದರೆ ಒಳ್ಳೆಯದು. ತಿಂಗಳಾದ ಮೇಲೆ ಸೋಸಿ, ಒಣಗಿಸಿ, ತೂಕ ಮಾಡಿ, ಡಬ್ಬಿಯ ಬಾಯಿಯ ವಿಸ್ತೀರ್ಣದಿಂದ ಭಾಗಿಸಿದರೆ ಆಯಿತು. ಚದರ ಮೀಟರಿಗೆ ಇಷ್ಟು ಗ್ರಾಂ ಅಂದರೂ ಚದರ ಕಿಲೋಮೀಟರಿಗೆ ಇಷ್ಟು ಟನ್ ಅಂದರೂ ಅಂಕಿ ಒಂದೇ. ಡಬ್ಬಿಯ ಬಾಯಿ 20 ಸೆಂಟಿಮೀಟರ್ ಅಗಲ ಇದ್ದರೆ, ಶಿರೊಯಾಮಾದ ಆ 80 ಟನ್ ಲೆಕ್ಕಕ್ಕೆ ಸಿಗುವ ಬೂದಿ ಬರೀ ಎರಡೂವರೆ ಗ್ರಾಂ. ನಮ್ಮದು ಅದಕ್ಕಿಂತ ಕಮ್ಮಿಯೇ ಇರಬಹುದು. ಕಿರಾಣಿ ಅಂಗಡಿಯ ಕಾಟಾಕ್ಕೆ ಅದು ಸಿಗುವುದೇ ಇಲ್ಲ.

ಸಂಘದವರು ಬೇರೆ ಬೇರೆ ಓಣಿಯ ಮಾಳಿಗೆಗಳಲ್ಲಿ ಡಬ್ಬಿ ಇಡಲು ಒಪ್ಪಿದ್ದಾರೆ. ಗಂಡ ಕಾರ್ಖಾನೆಯಲ್ಲಿದ್ದಾನೆ ಅಂದ ಆ ಹೆಣ್ಣುಮಗಳೂ ಒಂದು ಒಯ್ದಿದ್ದಾಳೆ, "ಹೆಸರು ಮಾತ್ರ ಬರೀಬ್ಯಾಡ್ರಿ" ಅಂತ ಹೇಳಿ. ಬರೆದಿಲ್ಲ ನೋಡಿ. ತೂಕಕ್ಕೆ ಏನು ಮಾಡುವುದು ಅಂತ ಯೋಚಿಸಿ ಬಜಾರದಲ್ಲಿ ನಮ್ಮ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಹೋದೆ. ಅವರ ಯಂತ್ರ ಗುಂಜಿ ತೂಕದಲ್ಲೂ ತಪ್ಪುವುದಿಲ್ಲ. ವಿಷಯ ಕೇಳಿ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಬೂದಿ ತೂಗಾಕ ಬಂಗಾರದ ಕಾಟಾ ಕೇಳಿದ ಗಿರಾಕಿ ನೀವೇ ಮೊದಲು ನೋಡ್ರಿ," ಅಂದರು. ಆಮೇಲೆ, "ತಿಂಗಳ ಕೊನಿಗೆ ತೊಗೊಂಡು ಬರ್ರಿ, ತೂಗಿ ಚೀಟಿ ಬರದು ಕೊಡ್ತೀನಿ. ಫ್ಯಾನ್ ಮಾತ್ರ ಬಂದ್ ಮಾಡಬೇಕಾಗ್ತದ, ಇಲ್ಲಂದ್ರ ನಿಮ್ಮ ಮಾಲು ನನ್ನ ಅಂಗಡಿ ತುಂಬಾ ಹಾರೀತು."